ಗಡ್ಡೆಗೆ ಕೈ ಹಾಕುವುದು ಕೊನೆಗೆ

“ಸಿಸ್ಟರ್, ಚಾಕು ತಗುಲಿದ್ರೆ ಗಡ್ಡೆ ಮೈಗೆಲ್ಲ ಹರಡುತ್ತಂತಲ್ಲ, ಹೌದಾ?” ಕಿಡ್ನಿ ಕ್ಯಾನ್ಸರ್ ರೋಗಿಯ ಕಡೆಯವರು ಓಟಿ ಬಾಗಿಲಲ್ಲಿ ಹೀಗೆ ಕೇಳಿದರೆ ನಾನು ಗದರುವುದಿಲ್ಲ. ಕ್ಯಾನ್ಸರ್ ಕೋಶಗಳು ಚಾಕುವಿಗಾಗಿ ಕಾಯುವುದಿಲ್ಲ ನಿಜ. 1869ರಲ್ಲೇ ಆಸ್ಟ್ರೇಲಿಯಾದ ಥಾಮಸ್ ಆಶ್‌ವರ್ತ್, ಸತ್ತ ರೋಗಿಯ ರಕ್ತದಲ್ಲಿ ಗಡ್ಡೆಯ ಕೋಶಗಳಂಥವೇ ಇದ್ದುದನ್ನು ಕಂಡಿದ್ದ. ಆದರೂ ಸರ್ಜನ್‌ಗಳಿಗೆ ಆ ಭಯ ಇದ್ದೇ ಇದೆ. ನಾನು ಸ್ಕ್ರಬ್ ನರ್ಸ್. ಯಾವ ಇನ್‌ಸ್ಟ್ರುಮೆಂಟ್ ಯಾವಾಗ ಕೊಡಬೇಕೆಂಬ ಕ್ರಮದಲ್ಲೇ ಅದು ನನಗೆ ಕಾಣುತ್ತದೆ.

ಹೊಟ್ಟೆ ತೆರೆದೊಡನೆ ಯಾರೂ ಗಡ್ಡೆಗೆ ಕೈ ಹಾಕುವುದಿಲ್ಲ. ಮೊದಲು ಕಿಡ್ನಿಯ ಅಪಧಮನಿ ಹುಡುಕಿ ಕಟ್ಟಬೇಕು, ಆಮೇಲೆ ಅಭಿಧಮನಿ. ತಿರುವುಮುರುವಾದರೆ ಒಳಬಂದ ರಕ್ತಕ್ಕೆ ಹೊರದಾರಿಯಿಲ್ಲದೆ ಕಿಡ್ನಿ ಉಬ್ಬಿಕೊಳ್ಳುತ್ತದೆ, ಮುಟ್ಟಿದಲ್ಲೆಲ್ಲ ರಕ್ತ. ಕಿಡ್ನಿಯಿಂದ ಹೊರಟ ರಕ್ತ ಐವಿಸಿ ಎಂಬ ದೊಡ್ಡ ಸಿರೆ ಸೇರಿ, ಹೃದಯದ ಬಲಭಾಗ ದಾಟಿ ಶ್ವಾಸಕೋಶಕ್ಕೆ ಹೋಗುತ್ತದೆ. ಈ ಕ್ಯಾನ್ಸರ್ ಹರಡಿದಾಗ ಹೆಚ್ಚಾಗಿ ಅಲ್ಲೇ ಕಾಣಿಸಿಕೊಳ್ಳುವುದು. ಆ ದಾರಿ ಮುಚ್ಚುವ ಮೊದಲು ಗಡ್ಡೆ ಹಿಸುಕಬಾರದು ಎಂಬುದು ವಾದ.

ಇದನ್ನು ಪದ್ಧತಿಯಾಗಿ ನೆಲೆಗೊಳಿಸಿದವರು ಟೊರೊಂಟೊದ ಚಾರ್ಲ್ಸ್ ರಾಬ್ಸನ್, 1963ರಲ್ಲಿ. ಕಿಡ್ನಿಯ ಜೊತೆ ಸುತ್ತಲಿನ ಕೊಬ್ಬು, ಹೊದಿಕೆ, ಅಡ್ರಿನಲ್ ಗ್ರಂಥಿ, ದುಗ್ಧಗ್ರಂಥಿ ಎಲ್ಲ ಸೇರಿಸಿ ತೆಗೆಯುತ್ತಿದ್ದರು. ಈಗ ಅಡ್ರಿನಲ್ ಚೆನ್ನಾಗಿದ್ದರೆ ಬಿಡುತ್ತಾರೆ. ಗಡ್ಡೆ 4 ಸೆಂಟಿಮೀಟರ್‌ಗಿಂತ ಚಿಕ್ಕದಾದರೆ ಸಾಧ್ಯವಿದ್ದಲ್ಲಿ ಅದನ್ನಷ್ಟೇ ತೆಗೆದು ಕಿಡ್ನಿ ಉಳಿಸುತ್ತಾರೆ. ಅಪಧಮನಿಗೆ ಕ್ಲಾಂಪ್ ಹಾಕಿದರೆ ಗಡಿಯಾರ ನೋಡುವವರು ನಾವು: “ಡಾಕ್ಟ್ರೇ, ಹದಿನೈದು ನಿಮಿಷ.” ಕಿಡ್ನಿ ರಕ್ತವಿಲ್ಲದೆ ಇರುವ ಹೊತ್ತು ಅರ್ಧ ಗಂಟೆ ಮೀರಬಾರದು. ಒಂದು ಮಾತು ಹೇಳಿಬಿಡುತ್ತೇನೆ: ಕಟ್ಟಿದ ಕ್ರಮಕ್ಕಿಂತ ಗಡ್ಡೆಯ ಹಂತ, ಅದರ ಜಾತಿಯೇ ರೋಗಿಯ ಮುಂದಿನ ದಿನಗಳನ್ನು ಹೆಚ್ಚು ನಿರ್ಧರಿಸುತ್ತದೆ.

ಲ್ಯಾಪರೋಸ್ಕೋಪಿಯಲ್ಲಿ ನನ್ನ ಗಮನವೆಲ್ಲ ಚೀಲದ ಮೇಲೆ. 1990ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ರಾಲ್ಫ್ ಕ್ಲೇಮನ್ ತಂಡ ಈ ವಿಧಾನದಲ್ಲಿ ಮೊದಲ ಕಿಡ್ನಿ ತೆಗೆದಾಗ, ಅದನ್ನು ಚೀಲಕ್ಕೆ ಹಾಕಿ ಒಳಗೇ ಚೂರು ಮಾಡಿ ಸಣ್ಣ ತೂತಿನಿಂದ ಹೊರತಂದರು. ಈಗ ಕ್ಯಾನ್ಸರ್ ಇದ್ದರೆ ಸಾಮಾನ್ಯವಾಗಿ ಇಡಿಯಾಗಿಯೇ ತೆಗೆಯುತ್ತಾರೆ. ಚೀಲ ಹರಿದರೆ ಕೋಶಗಳು ಹೊಟ್ಟೆಯೊಳಗೆ ಚೆಲ್ಲುತ್ತವೆ; ಚೂರಾದ ಗಡ್ಡೆ ಎಲ್ಲಿಯವರೆಗೆ ಹೋಗಿತ್ತೆಂದು ಪೆಥಾಲಜಿಯವರಿಗೆ ಹೇಳುವುದೂ ಕಷ್ಟ. ಚೀಲದ ಬಾಯಿ ಬಿಗಿದ ಮೇಲೆ ಗಾಯವನ್ನು ಬೇಕಾದಷ್ಟು ದೊಡ್ಡದು ಮಾಡುತ್ತಾರೆಯೇ ಹೊರತು ಜಗ್ಗಾಡುವುದಿಲ್ಲ. ಅದು ಹೊರಬಂದೊಡನೆ ಗಡ್ಡೆ ತಾಗಿದ ಇನ್‌ಸ್ಟ್ರುಮೆಂಟ್‌ಗಳನ್ನು ನಾನು ಬೇರೆ ಟ್ರೇಗೆ ಹಾಕಿ ಎಲ್ಲರಿಗೂ ಹೊಸ ಗ್ಲೌಸ್ ಕೊಡುತ್ತೇನೆ. ಜೂನಿಯರ್‌ಗಳಿಗೆ ಇದು ಅತಿಯೆನಿಸುತ್ತದೆ. ಅನಿಸಲಿ. ತೂತು ಮಾಡಿದ ಜಾಗದಲ್ಲೇ ಕ್ಯಾನ್ಸರ್ ಮತ್ತೆ ಬೆಳೆದದ್ದು ವಿರಳ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ.

ನನಗೆ ಕೈ ತಣ್ಣಗಾಗುವುದು ಬೇರೆ ಕೇಸಿನಲ್ಲಿ. ಕೆಲವರಲ್ಲಿ ಗಡ್ಡೆ ಬೆರಳಿನಂತೆ ಸಿರೆಯೊಳಗೇ ಚಾಚಿ, ಐವಿಸಿ ಹಿಡಿದು ಮೇಲೇರಿ, ಒಮ್ಮೊಮ್ಮೆ ಹೃದಯದ ಬಲ ಕೋಣೆಯನ್ನೇ ಮುಟ್ಟಿರುತ್ತದೆ. ಅಂಥಲ್ಲಿ ಕಿಡ್ನಿಯನ್ನು ಅಲುಗಿಸುವುದಕ್ಕೂ ಹೆದರಿಕೆ. ತುಂಡೊಂದು ಕಳಚಿದರೆ ಶ್ವಾಸಕೋಶದ ನಾಳಕ್ಕೆ ಸಿಕ್ಕಿಬಿದ್ದು ರೋಗಿ ಟೇಬಲ್ ಮೇಲೇ ಹೋಗಬಹುದು. ಅನ್ನನಾಳದೊಳಗೆ ಇಳಿಸಿದ ಎಕೋದಲ್ಲಿ ಅರಿವಳಿಕೆ ಡಾಕ್ಟರು ಗಡ್ಡೆಯ ತುದಿ ನೋಡುತ್ತಿರುತ್ತಾರೆ. ತುದಿಯ ಮೇಲೆ, ಕೆಳಗೆ, ಇನ್ನೊಂದು ಕಿಡ್ನಿಯ ಸಿರೆಗೆ ಹೀಗೆ ಹಿಡಿತ ಹಾಕಿದ ಮೇಲೆಯೇ ಸಿರೆ ಸೀಳಿ ಗಡ್ಡೆಯನ್ನು ಈಚೆ ತೆಗೆಯುವುದು. ಹೃದಯದವರೆಗೆ ಏರಿದ್ದರೆ ಹೃದಯದ ಸರ್ಜನ್ ಬೇಕು, ಹಾರ್ಟ್-ಲಂಗ್ ಮೆಷಿನ್ ಸಿದ್ಧವಿರಬೇಕು. ನಿಮ್ಮವರ ಸ್ಕ್ಯಾನ್‌ನಲ್ಲಿ ಹಾಗೆ ಬರೆದಿದ್ದರೆ, ಅವೆರಡೂ ಆ ಆಸ್ಪತ್ರೆಯಲ್ಲಿ ಇವೆಯೇ ಎಂದು ಸಂಕೋಚವಿಲ್ಲದೆ ಕೇಳಿ.