ಹಿಂಭಾಗ ಕುಸಿದ ಪಿಕಪ್: ಬ್ಲೇಡ್ ಹಾಕಿಸಿದರೆ ಸಾಕೆ?

ಟೊಮ್ಯಾಟೊ ಸೀಸನ್ನಿನಲ್ಲಿ ಕೋಲಾರದ ಎ.ಪಿ.ಎಂ.ಸಿ. ಗೇಟಿನ ಮುಂದೆ ಹತ್ತು ನಿಮಿಷ ನಿಂತು ನೋಡಿ. ಎಷ್ಟೋ ಪಿಕಪ್‌ಗಳ ಮೂತಿ ಆಕಾಶಕ್ಕೆ, ಹಿಂಭಾಗ ನೆಲಕ್ಕೆ! ಟೈರು ಮಡ್‌ಗಾರ್ಡಿಗೆ ತಾಗೋದೊಂದೇ ಬಾಕಿ. ಡ್ರೈವರಣ್ಣನನ್ನು ಕೇಳಿದರೆ ಉತ್ತರ ರೆಡಿ: "ಪಟ್ಟಿ ಸೋತಿದೆ ಸಾರ್, ಇನ್ನೊಂದು ಬ್ಲೇಡ್ ಹಾಕ್ಸಿದ್ರೆ ಸರಿಹೋಗುತ್ತೆ."

ಗಾಡಿಯ ಎತ್ತರವೇನೋ ಸರಿಹೋಗುತ್ತದೆ. ಮಿಕ್ಕಿದ್ದು?

ಬಸ್ಸಿನಲ್ಲಿ ಓಡಾಡುವವರು 'ನಮಗೇನು' ಅನ್ನಬೇಡಿ. ಹಿಂಭಾಗ ಕುಸಿದ ಗಾಡಿಯ ಹೆಡ್‌ಲೈಟು ರಸ್ತೆ ಬಿಟ್ಟು ಎದುರು ಬರುವ ಬಸ್ ಡ್ರೈವರನ ಕಣ್ಣಿಗೇ ಹೊಡೆಯುತ್ತದೆ. ಮುಂದಿನ ಚಕ್ರದ ಮೇಲಿನ ಭಾರ ಕಡಿಮೆಯಾಗಿ ಸ್ಟೇರಿಂಗ್ ಹಗುರಾಗುತ್ತದೆ, ಬ್ರೇಕಿನ ಹಿಡಿತ ತಪ್ಪುತ್ತದೆ.

ಪಟ್ಟಿಯ ತಪ್ಪೋ, ಭಾರದ ತಪ್ಪೋ?

ಇದನ್ನು ತಿಳಿಯೋದು ಸುಲಭ. ಗಾಡಿ ಖಾಲಿ ಮಾಡಿ, ಟೈರಿಗೆ ಸರಿಯಾಗಿ ಗಾಳಿ ಹಿಡಿಸಿ, ಮಟ್ಟವಾದ ಜಾಗದಲ್ಲಿ ನಿಲ್ಲಿಸಿ. ಹಿಂದಿನ ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಎರಡೂ ಕಡೆ ಟೇಪು ಹಿಡಿಯಿರಿ. ಒಂದು ಕಡೆ ತಗ್ಗಿದ್ದರೆ ಆ ಕಡೆ ಬ್ಲೇಡ್ ಬಿರುಕು ಬಿಟ್ಟಿರಬಹುದು, ಸೆಂಟರ್ ಬೋಲ್ಟ್ ಕಟ್ಟಾಗಿರಬಹುದು, ಬುಷ್ ಸವೆದಿರಬಹುದು. ಖಾಲಿ ಇದ್ದಾಗ ಸರಿಯಾಗಿ ನಿಂತು, ಹೇರಿದಾಗ ಮಾತ್ರ ಕುಸಿದರೆ ಮೊದಲು ತೂಕ ನೋಡಿ.

ಆರ್.ಸಿ. ತೆಗೆದು ಲೆಕ್ಕ ಹಾಕಿ. ಒಟ್ಟು ತೂಕ 2,900 ಕೆ.ಜಿ., ಖಾಲಿ ಗಾಡಿ 1,600 ಎಂದಿದ್ದರೆ ಉಳಿದದ್ದು 1,300. ಕ್ಯಾಬಿನ್ನಿನಲ್ಲಿ ಇಬ್ಬರು ಕೂತರೆ ಅದರಲ್ಲಿ 130 ಹೋಯಿತು. 15 ಕೆ.ಜಿ. ಟೊಮ್ಯಾಟೊ ತುಂಬಿದ ಕ್ರೇಟು, ಕ್ರೇಟಿನ ತೂಕವೂ ಸೇರಿ ಹದಿನಾರೂವರೆ ಅಂತಿಟ್ಟುಕೊಳ್ಳಿ. 70 ಕ್ರೇಟಿಗೆ ಗಾಡಿ ಭರ್ತಿ! 100 ಹೇರಿದರೆ ಸುಮಾರು 480 ಕೆ.ಜಿ. ಹೆಚ್ಚು. ಪಾಪ, ಪಟ್ಟಿ ಏನು ಮಾಡೀತು?

ಪಟ್ಟಿ ನಿಜಕ್ಕೂ ಸೋತಿದ್ದರೆ ಎರಡೂ ಕಡೆಯದನ್ನು ಒಟ್ಟಿಗೆ ಬದಲಾಯಿಸಿ. ಹಳೇ ಬ್ಲೇಡನ್ನು ಬರೀ ಸುತ್ತಿಗೆಯಿಂದ ಬಡಿದು ಕಮಾನು ಏರಿಸಿದರೆ ಬೇಗ ಮತ್ತೆ ಚಪ್ಪಟೆ. ಮುರಿದ ಬ್ಲೇಡಿಗೆ ವೆಲ್ಡಿಂಗ್ ಬೇಡವೇ ಬೇಡ. ಬೆಸೆದ ಜಾಗದ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ. ಶಾಕ್ ಅಬ್ಸಾರ್ಬರ್ ಬದಲಾಯಿಸಿದರೂ ಗಾಡಿ ಮೇಲೇಳದು. ಅದರ ಕೆಲಸ ಕುಲುಕಾಟ ತಡೆಯೋದು, ಭಾರ ಹೊರೋದಲ್ಲ. ಹೊಸ ಪಟ್ಟಿ ಕೂರಿಸಿ ನಾಲ್ಕೈದು ನೂರು ಕಿಲೋಮೀಟರ್ ಓಡಿಸಿದ ಮೇಲೆ ಯು-ಬೋಲ್ಟನ್ನು ಮತ್ತೊಮ್ಮೆ ಬಿಗಿ ಮಾಡಿಸಿ.

ಬ್ರೇಕಿನ ಗುಟ್ಟು

ಹೆಚ್ಚುವರಿ ಬ್ಲೇಡ್ ಹಾಕಿಸಿದರೂ ಆಕ್ಸಲ್ ಅದೇ, ಟೈರು ಅದೇ, ಬ್ರೇಕು ಅದೇ. ಇನ್ನೊಂದು ಮಾತು. ಕೆಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ಲಿಗೆ ಸಣ್ಣ ಸಲಾಕೆಯಿಂದ ಜೋಡಿಸಿದ ಒಂದು ವಾಲ್ವ್ ಇರುತ್ತದೆ. ಗಾಡಿ ಎಷ್ಟು ಕುಸಿದಿದೆ ಅಂತ ನೋಡಿ ಅದು ಹಿಂದಿನ ಬ್ರೇಕಿಗೆ ಒತ್ತಡ ಕೊಡುತ್ತದೆ. ಪಟ್ಟಿ ಗಟ್ಟಿಯಾಗಿ ಗಾಡಿ ಕುಸಿಯದೇ ಹೋದರೆ, ಲೋಡೇ ಇಲ್ಲವೆಂದು ತಿಳಿದು ಒತ್ತಡ ಕಡಿಮೆ ಮಾಡುತ್ತದೆ! ಭಾರ ಜಾಸ್ತಿ, ಬ್ರೇಕು ಕಮ್ಮಿ. ಹಾಗಾಗಿ ಪಟ್ಟಿ ಮುಟ್ಟಿದರೆ ಈ ವಾಲ್ವನ್ನೂ ಸರಿಹೊಂದಿಸಲೇಬೇಕು.

ಅಂಗಡಿಯವರೂ ಕೇಳಿ. ಭಾರದ ಮೂಟೆಗಳನ್ನು ಕ್ಯಾಬಿನ್ ಕಡೆಗೆ ಒತ್ತಾಗಿ ಇಡಿಸಿ, ಹಿಂದಿನ ಡೋರಿನ ಹತ್ತಿರ ಹೇರಿಸಬೇಡಿ. ಬಾಡಿಗೆ ಉಳಿಸಲು 'ಇನ್ನೊಂದು ಹತ್ತು ಮೂಟೆ ಹಾಕಪ್ಪ' ಅನ್ನುವ ಮುಂಚೆ ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ ನೆನಪಿರಲಿ. 2019ರ ತಿದ್ದುಪಡಿಯ ಪ್ರಕಾರ ಅತಿಭಾರಕ್ಕೆ ದಂಡ 20,000 ರೂಪಾಯಿ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000. ಮೇಲಾಗಿ ಹೆಚ್ಚಿನ ಸರಕು ಇಳಿಸುವ ಖರ್ಚೂ ತಲೆಯ ಮೇಲೆ. ಇಷ್ಟೆಲ್ಲಾ ಆಗೋ ಬದಲು ಇನ್ನೊಂದು ಟ್ರಿಪ್ ಹೊಡೆಸೋದೇ ಅಗ್ಗ, ಅಲ್ಲವೇ?