ವೈದ್ಯಕೀಯ ವೆಚ್ಚದ ಪೂರ್ವ ಅಂದಾಜು (ರಾಯಚೂರು ಜಿಲ್ಲೆ)

ವೈದ್ಯಕೀಯ ವೆಚ್ಚದ ಪೂರ್ವ ಅಂದಾಜು ಎಂದರೆ ಚಿಕಿತ್ಸೆಯ ಒಟ್ಟು ಖರ್ಚಿನಲ್ಲಿ ಆರೋಗ್ಯ ವಿಮೆ ಅಥವಾ ಸರ್ಕಾರಿ ಯೋಜನೆ ಭರಿಸುವ ಪಾಲೆಷ್ಟು, ಕುಟುಂಬ ಕೊಡಬೇಕಾದುದೆಷ್ಟು ಎಂಬುದನ್ನು ಆಸ್ಪತ್ರೆಗೆ ದಾಖಲಾಗುವ ಮೊದಲೇ ಲೆಕ್ಕ ಹಾಕುವ ಕ್ರಮ. ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿಯಲ್ಲಿ ಸರ್ಕಾರಿ ಯೋಜನೆಯಡಿ ಚಿಕಿತ್ಸೆ ಪಡೆಯುವವರ ಪಾಲಿಗೆ ಈ ಲೆಕ್ಕವು ಪಡಿತರ ಚೀಟಿಯ ಬಗೆ, ಚಿಕಿತ್ಸೆಯ ವರ್ಗ ಮತ್ತು ಆಸ್ಪತ್ರೆಯ ಆಯ್ಕೆಯನ್ನು ಅವಲಂಬಿಸಿದೆ.

ಹಿನ್ನೆಲೆ

ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ತಜ್ಞ ಚಿಕಿತ್ಸೆ ಒದಗಿಸುವ ವಾಜಪೇಯಿ ಆರೋಗ್ಯಶ್ರೀ ಯೋಜನೆಯು 2010ರಲ್ಲಿ ರಾಯಚೂರು ಜಿಲ್ಲೆಯನ್ನೊಳಗೊಂಡ ಗುಲ್ಬರ್ಗಾ (ಈಗಿನ ಕಲಬುರಗಿ) ವಿಭಾಗದಲ್ಲಿ ಮೊದಲು ಜಾರಿಗೆ ಬಂದಿತು. 2018ರ ಮಾರ್ಚ್‌ನಲ್ಲಿ ಆರಂಭವಾದ ಆರೋಗ್ಯ ಕರ್ನಾಟಕ ಯೋಜನೆಯು ಅದೇ ವರ್ಷ ಕೇಂದ್ರದ ಯೋಜನೆಯೊಂದಿಗೆ ಸೇರಿ ‘ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ’ವಾಯಿತು. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಇದನ್ನು ನಿರ್ವಹಿಸುತ್ತದೆ.

ಪಾಲಿನ ಲೆಕ್ಕ

ಯೋಜನೆಯ ನಿಯಮದಂತೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ ದೊರೆಯುತ್ತದೆ. ಎಪಿಎಲ್ ಕುಟುಂಬಕ್ಕೆ ಸರ್ಕಾರವು ಪ್ಯಾಕೇಜ್ ದರದ ಶೇಕಡ 30ರಷ್ಟನ್ನು, ವರ್ಷಕ್ಕೆ 1.5 ಲಕ್ಷ ರೂಪಾಯಿ ಮೀರದಂತೆ, ಭರಿಸುತ್ತದೆ. ಉದಾಹರಣೆಗೆ, ಪ್ಯಾಕೇಜ್ ದರ 50,000 ರೂಪಾಯಿಯಾದರೆ ಬಿಪಿಎಲ್ ರೋಗಿ ಏನೂ ಕೊಡಬೇಕಿಲ್ಲ. ಎಪಿಎಲ್ ರೋಗಿ 35,000 ರೂಪಾಯಿ ಕೊಡಬೇಕು.

ರೆಫರಲ್

ಆರಂಭದಲ್ಲಿ ಯೋಜನೆಯ 1,650 ಚಿಕಿತ್ಸೆಗಳನ್ನು ವರ್ಗಗಳಾಗಿ ವಿಂಗಡಿಸಲಾಯಿತು. ಸರಳ ದ್ವಿತೀಯ ಹಂತದ ಚಿಕಿತ್ಸೆಗಳು ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಗೆ ಮೀಸಲು. ಸಂಕೀರ್ಣ ದ್ವಿತೀಯ ಹಾಗೂ ತೃತೀಯ ಹಂತದ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲಿ ಲಭ್ಯವಿಲ್ಲದಿದ್ದರೆ ಮಾತ್ರ ನೋಂದಾಯಿತ ಖಾಸಗಿ ಆಸ್ಪತ್ರೆಗೆ ರೆಫರಲ್ ನೀಡಲಾಗುತ್ತದೆ. ಆದ್ದರಿಂದ ದೇವದುರ್ಗ ಅಥವಾ ಮಾನ್ವಿಯ ರೋಗಿಯು ತಾಲ್ಲೂಕು ಆಸ್ಪತ್ರೆಯಲ್ಲಿ ಅಥವಾ ರಾಯಚೂರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ (ರಿಮ್ಸ್) ಆಸ್ಪತ್ರೆಯಲ್ಲಿ ಮೊದಲು ವಿಚಾರಿಸುವುದು ಅಗತ್ಯ. ರೆಫರಲ್ ಇಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ದಾಖಲಾದರೆ, ಅರ್ಹ ಕುಟುಂಬವೂ ಪೂರ್ಣ ಬಿಲ್ ತೆರಬೇಕಾಗಬಹುದು. ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗಳಿಗೆ ರೆಫರಲ್ ಬೇಕಿಲ್ಲ.

ಖಾಸಗಿ ವಿಮೆ

ಖಾಸಗಿ ಪಾಲಿಸಿಯಲ್ಲಿ ವಿಮಾ ಮೊತ್ತವೊಂದನ್ನೇ ನೋಡಿದರೆ ಅಂದಾಜು ತಪ್ಪುತ್ತದೆ. ಕಾಯುವ ಅವಧಿ, ಸಹಪಾವತಿ ಮತ್ತು ಕೊಠಡಿ ಬಾಡಿಗೆಯ ಮಿತಿಯನ್ನೂ ಪರಿಶೀಲಿಸಬೇಕು. ದಿನಕ್ಕೆ 3,000 ರೂಪಾಯಿ ಮಿತಿಯಿರುವವರು 6,000 ರೂಪಾಯಿಯ ಕೊಠಡಿ ಪಡೆದರೆ, ಅನೇಕ ಪಾಲಿಸಿಗಳಲ್ಲಿ ವೈದ್ಯರ ಶುಲ್ಕದಂಥ ವೆಚ್ಚಗಳೂ ಅರ್ಧಕ್ಕೆ ಇಳಿಯುತ್ತವೆ; ಔಷಧಿಗಳಿಗೆ ಈ ಕಡಿತ ಅನ್ವಯಿಸುವುದಿಲ್ಲ. ನಗದುರಹಿತ ಚಿಕಿತ್ಸೆಯ ಪೂರ್ವಾನುಮತಿ ಕೋರಿಕೆಯನ್ನು ಒಂದು ಗಂಟೆಯೊಳಗೆ ತೀರ್ಮಾನಿಸಬೇಕೆಂದು ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು 2024ರಲ್ಲಿ ಸೂಚಿಸಿದೆ.

ಮಿತಿಗಳು

ಅಂದಾಜು ಅಂತಿಮ ಬಿಲ್ ಅಲ್ಲ. ಚಿಕಿತ್ಸೆಯ ನಡುವೆ ತೊಡಕು ಉಂಟಾದರೆ ಅಥವಾ ತೀವ್ರ ನಿಗಾ ಘಟಕದಲ್ಲಿ ಹೆಚ್ಚು ದಿನ ಇರಬೇಕಾದರೆ ಮೊತ್ತ ಬದಲಾಗುತ್ತದೆ. ತಾಲ್ಲೂಕಿನಿಂದ ನಗರಕ್ಕೆ ಓಡಾಟ, ಜೊತೆಗಿರುವವರ ಊಟ-ವಸತಿ ಮತ್ತು ಕೂಲಿ ನಷ್ಟ ಆಸ್ಪತ್ರೆಯ ಲೆಕ್ಕದಲ್ಲಿ ಕಾಣುವುದಿಲ್ಲ. ಉಚಿತ ಚಿಕಿತ್ಸೆಯಲ್ಲಿಯೂ ಇವು ಕುಟುಂಬದ ಮೇಲೆಯೇ ಬೀಳುತ್ತವೆ. ಯೋಜನೆಯ ಮಾಹಿತಿ 104 ಆರೋಗ್ಯ ಸಹಾಯವಾಣಿಯಲ್ಲಿ ದೊರೆಯುತ್ತದೆ.