ಸ್ಟಿಕ್ ವೆಲ್ಡಿಂಗ್: ರಾಡ್ ಮೇಲಿನ ಲೇಪನಕ್ಕೆ ಏನು ಕೆಲಸ?

ಫಸ್ಟ್ ಇಯರ್ ವರ್ಕ್‌ಶಾಪ್‌ನಲ್ಲಿ ನಾವೆಲ್ಲ ಎರಡು ಎಂ.ಎಸ್. ಫ್ಲ್ಯಾಟ್ ಇಟ್ಟು ಬಟ್ ಜಾಯಿಂಟ್ ಮಾಡಿ, ಸ್ಲ್ಯಾಗ್ ಕುಟ್ಟಿ, ರೆಕಾರ್ಡ್ ಬರೆದು ಕೈತೊಳೆದುಕೊಂಡಿರುತ್ತೇವೆ. ವೈವಾದಲ್ಲಿ ‘ಫ್ಲಕ್ಸ್ ಯಾಕೆ ಬೇಕು?’ ಅಂದರೆ ‘ಆಕ್ಸಿಡೇಶನ್ ತಡೆಯೋಕೆ ಸರ್’ ಅಂತ ಒಂದೇ ಉಸಿರಿಗೆ ಉತ್ತರ. ತಪ್ಪೇನಲ್ಲ. ಆದರೆ ಈ ವೆಲ್ಡಿಂಗ್ ಎಲ್ಲಿ ಒಗ್ಗುತ್ತೆ, ಎಲ್ಲಿ ಕೈಕೊಡುತ್ತೆ ಅನ್ನೋದೂ ಬಹುಮಟ್ಟಿಗೆ ಆ ಲೇಪನದ್ದೇ ಕಥೆ.

ಹೋಲ್ಡರ್‌ನಲ್ಲಿರುವ ರಾಡನ್ನು ಬೆಂಕಿಕಡ್ಡಿ ಗೀರುವಂತೆ ಜಾಬಿಗೆ ತಾಗಿಸಿ ಸ್ವಲ್ಪ ಎತ್ತಿದರೆ ಆರ್ಕ್ ಹೊತ್ತಿಕೊಳ್ಳುತ್ತೆ. ಉಕ್ಕು ಕರಗೋದು ಸುಮಾರು 1500 ಡಿಗ್ರಿ ಸೆಲ್ಸಿಯಸ್‌ಗೆ. ಆರ್ಕ್ 5000 ಡಿಗ್ರಿ ದಾಟುತ್ತೆ. ರಾಡ್ ತಾನೇ ಕರಗಿ ಸಂದಿ ತುಂಬುತ್ತೆ. ಲೇಪನ ಉರಿದು ಬಿಡುವ ಅನಿಲ ಸುತ್ತಲಿನ ಗಾಳಿಯನ್ನು ದೂರ ಇಡುತ್ತೆ, ಆರ್ಕ್ ನಿಲ್ಲೋಕೂ ಲೇಪನವೇ ನೆರವಾಗುತ್ತೆ, ಉಳಿದದ್ದು ಸ್ಲ್ಯಾಗ್ ಆಗಿ ಬಿಸಿ ಲೋಹಕ್ಕೆ ಹೊದಿಕೆ. ಮೊದಮೊದಲು ಬರೀ ತಂತಿಯಲ್ಲೇ ಬೆಸೆಯುತ್ತಿದ್ದರು, ಜಾಯಿಂಟ್ ಪೆಡಸಾಗುತ್ತಿತ್ತು. ಲೇಪನದ ರಾಡ್ ತಂದವರು ಸ್ವೀಡನ್ನಿನ ಆಸ್ಕರ್ ಷೆಲ್‌ಬೆರಿ, ಇಪ್ಪತ್ತನೇ ಶತಮಾನದ ಆರಂಭದಲ್ಲಿ.

ಹೀಗೆ ರಕ್ಷಣೆಯ ಅನಿಲ ರಾಡಿನಲ್ಲೇ ಇರೋದರಿಂದ ಸಿಲಿಂಡರ್ ಬೇಕಿಲ್ಲ. ಮಿಗ್ ವೆಲ್ಡಿಂಗ್‌ನಲ್ಲಿ ಜೋರು ಗಾಳಿ ಬೀಸಿದರೆ ಅನಿಲ ಹಾರಿಹೋಗಿ ವೆಲ್ಡ್ ತುಂಬ ತೂತು. ಅದಕ್ಕೇ ಬಿಲ್ಡಿಂಗ್ ಸೈಟು, ಪೈಪ್‌ಲೈನು, ಹೊಲದ ಪಕ್ಕ ಕೆಟ್ಟು ನಿಂತ ಟ್ರೇಲರ್ ಎಲ್ಲ ಕಡೆ ಇವತ್ತಿಗೂ ರಾಡೇ.

ರಾಡ್ ಅಂದರೆ ಎಲ್ಲಾ ಒಂದೇ ಅಲ್ಲ. ಲ್ಯಾಬಿನಲ್ಲೂ ಗ್ರಿಲ್ ಅಂಗಡಿಯಲ್ಲೂ ಸಾಮಾನ್ಯವಾಗಿ ಸಿಗೋದು 6013. ಮೊದಲ ಎರಡು ಅಂಕಿ ಕನಿಷ್ಠ ಕರ್ಷಣ ಬಲ, 60 ಸಾವಿರ ಪಿ.ಎಸ್.ಐ.; ಮೂರನೆಯ 1 ಅಂದರೆ ತಲೆಯ ಮೇಲಿನ ಜಾಯಿಂಟನ್ನೂ ಮಾಡಬಹುದು. ಆರ್ಕ್ ಸುಲಭವಾಗಿ ಹೊತ್ತುತ್ತೆ, ಗೇಟು ಕಿಟಕಿಗೆ ಧಾರಾಳ ಸಾಕು. 3.15 ಮಿ.ಮೀ. ರಾಡಿಗೆ 90ರಿಂದ 130 ಆಂಪ್ಸ್ ಇಡಿ. ತೀರಾ ಕಡಿಮೆಯಾದರೆ ರಾಡ್ ಅಂಟಿಕೊಂಡು ಮಾನ ಕಳೆಯುತ್ತೆ.

ಭಾರ ಹೊರುವ ದಪ್ಪ ಉಕ್ಕಿಗೆ 7018. ಇದು ಲೋ ಹೈಡ್ರೋಜನ್ ರಾಡ್. ಆದರೆ ಪ್ಯಾಕೆಟ್ ಒಡೆದು ಮಳೆಗಾಲದಲ್ಲಿ ಹಾಗೇ ಬಿಟ್ಟರೆ ಆ ಹೆಸರಿಗೆ ಅರ್ಥವಿಲ್ಲ. ಲೇಪನ ಹೀರಿದ ತೇವ ಆರ್ಕ್‌ನಲ್ಲಿ ಒಡೆದು ಹೈಡ್ರೋಜನ್ ಆಗಿ ಕರಗಿದ ಲೋಹಕ್ಕೆ ಇಳಿಯುತ್ತೆ. ವೆಲ್ಡ್ ನೋಡೋಕೆ ಲಕ್ಷಣವಾಗಿಯೇ ಇರುತ್ತೆ. ಬಿರುಕು ಬಿಡೋದು ಕೆಲವು ಗಂಟೆ, ಒಮ್ಮೊಮ್ಮೆ ಒಂದೆರಡು ದಿನ ಕಳೆದ ಮೇಲೆ, ಅದೂ ಹಲವು ಸಲ ಒಳಗಿನಿಂದ. ಹಾಗಾಗಿ ಇವನ್ನು ಬಿಸಿ ಓವನ್‌ನಲ್ಲಿ ಇಡುತ್ತಾರೆ, ತೇವ ಹಿಡಿದಿದ್ದರೆ ತಯಾರಕರು ಹೇಳಿದ ಉಷ್ಣತೆಯಲ್ಲಿ ಮತ್ತೆ ಒಣಗಿಸುತ್ತಾರೆ.

ನಮ್ಮಲ್ಲಿ ಗೋ-ಕಾರ್ಟ್ ಚಾಸಿ ಮಾಡುವ ತಂಡಗಳಿಗೆ ಒಂದು ಮಾತು. ಒಂದೂವರೆ ಮಿ.ಮೀ. ಗೋಡೆಯ ಟ್ಯೂಬಿಗೆ ರಾಡ್ ಹಿಡಿದರೆ ಪಳಗಿದ ಕೈಯೂ ತೂತು ಮಾಡೀತು. ಅಲ್ಲಿ ಟಿಗ್ ಅಥವಾ ಮಿಗ್ ಹುಡುಕಿ; ಸ್ಟಿಕ್ ಮೆಷಿನ್ನನ್ನು ಚಾಸಿ ಕೂರಿಸುವ ಸ್ಟ್ಯಾಂಡ್ ಮಾಡೋಕೆ ಇಟ್ಟುಕೊಳ್ಳಿ.